ಅಳತೆಯ ದಾರ

ದೀಪಾವಳಿ ಮುಗಿದು ಫ್ಯಾನು ನಿಲ್ಲಿಸುವ ದಿನ ಬಂತೆಂದರೆ ದೆಹಲಿಯ ಮನೆಗಳಲ್ಲಿ ಮಂಚದ ಕೆಳಗಿನ ಪೆಟ್ಟಿಗೆಗಳು ಹೊರಗೆ ಬರುತ್ತವೆ. ರಜಾಯಿಗಳು ಬಿಸಿಲಿಗೆ ಬೀಳುತ್ತವೆ. ನುಸಿಗುಳಿಗೆಯ ವಾಸನೆ ಹೋಗಲೆಂದು ಸ್ವೆಟರುಗಳು ಬಾಲ್ಕನಿಯ ತಂತಿಯ ಮೇಲೆ ನೇತಾಡುತ್ತವೆ. ವರ್ಷವಿಡೀ ಗುಂಡಿ, ಜಿಪ್ಪು, ಲೇಸು ಮಾರಿಕೊಂಡಿದ್ದ ಅಂಗಡಿಯವನು ಮುಂದಿನ ಸಾಲಿಗೆ ಉಲ್ಲನ್ ಉಂಡೆಗಳನ್ನು ತಂದು ಜೋಡಿಸುತ್ತಾನೆ. ಅಲ್ಲಿಂದ ಫೆಬ್ರವರಿಯವರೆಗೆ ನನ್ನ ಕೈಗೆ ಬಿಡುವಿಲ್ಲ.

ಚೆನ್ನೈ, ಮುಂಬೈಗಳಲ್ಲಿ ಕೂತು ಇದನ್ನು ಓದುತ್ತಿರುವವರಿಗೆ ನಗು ಬರಬಹುದು. ನಿಮ್ಮಲ್ಲಿ ಸ್ವೆಟರ್ ಎಂದರೆ ಊಟಿಗೆ ಹೋಗುವಾಗ ಹುಡುಕುವ ವಸ್ತು. ಆದರೂ ಈ ಸಲ ನಿಮ್ಮೊಂದಿಗೇ ಈ ಮಾತು ಆಡಬೇಕು ಅನ್ನಿಸಿದೆ. ಹೆಣೆಯುವ ಕೆಲಸದಲ್ಲಿ ಕಡ್ಡಿ, ದಾರ, ಡಿಸೈನುಗಳಿಗಿಂತ ಮೊದಲು ಬರುವುದು ಅಳತೆ. ಊರು ಬಿಟ್ಟು ಬಂದ ನಮಗೆಲ್ಲ ಆ ಅಳತೆಯದೇ ತೊಂದರೆ.

ನನ್ನ ತವರು ಸಾಗರದ ಹತ್ತಿರದ ಹಳ್ಳಿ. ಅಲ್ಲಿ ಚಳಿ ಇದೆ, ಮಳೆಯಂತೂ ಕೇಳುವುದೇ ಬೇಡ. ಆದರೆ ನಾನು ಚಿಕ್ಕವಳಿದ್ದಾಗ ಅಲ್ಲಿ ಸ್ವೆಟರ್ ಹೆಣೆಯುವವರನ್ನು ಕಂಡವಳಲ್ಲ. ಗದ್ದೆ, ತೋಟದ ಕೆಲಸಕ್ಕೆ ಕಂಬಳಿ ಕೊಪ್ಪೆ ಇತ್ತು. ಕುರಿಯ ಉಣ್ಣೆಯ ಒರಟು ಕಂಬಳಿಯನ್ನು ತಲೆಯ ಮೇಲೆ ಮೂಲೆ ಮಾಡಿ ಮಡಚಿ ಹೊದ್ದರೆ ಬೆನ್ನು ಬೆಚ್ಚಗೆ, ತಲೆಗೆ ನೀರಿಲ್ಲ. ಒದ್ದೆಯಾದರೂ ಉಣ್ಣೆ ಮೈಯ ಬಿಸಿ ಬಿಟ್ಟುಕೊಡುವುದಿಲ್ಲ ಎಂಬುದನ್ನು ನಮ್ಮ ಮಲೆನಾಡಿನವರು ಯಾವ ಪುಸ್ತಕ ಓದದೆಯೂ ತಿಳಿದಿದ್ದರು. ಹೈಸ್ಕೂಲಿನ ಹೊಲಿಗೆ ಪೀರಿಯಡ್ಡಿನಲ್ಲಿ ಟೀಚರು ಕ್ರೋಶಾ ಕಡ್ಡಿ ಹಿಡಿಸಿ, ಕರವಸ್ತ್ರದ ಅಂಚಿಗೆ ಲೇಸು ಹಾಕುವುದನ್ನು ಕಲಿಸಿದ್ದರು. ಮದುವೆಯಾಗಿ 1990ರಲ್ಲಿ ದೆಹಲಿಗೆ ಬಂದಾಗ ನನಗೆ ಗೊತ್ತಿದ್ದದ್ದು ಅಷ್ಟೇ.

ನಮ್ಮವರದು ಕೇಂದ್ರ ಸರ್ಕಾರದ ಕೆಲಸ. ನೇತಾಜಿ ನಗರದಲ್ಲಿ ಕ್ವಾರ್ಟರ್ಸು. ಈಗ ಆ ಹಳೆಯ ಮನೆಗಳನ್ನು ಒಡೆದು ಬಹುಮಹಡಿ ಕಟ್ಟಡಗಳನ್ನು ಕಟ್ಟಿದ್ದಾರೆ. ಆಗ ಎರಡೆರಡು ಸಾಲು ಮನೆಗಳ ನಡುವೆ ಹುಲ್ಲಿನ ಅಂಗಳವಿತ್ತು. ಚಳಿಗಾಲದಲ್ಲಿ ಗಂಡಸರು ಆಫೀಸಿಗೆ, ಮಕ್ಕಳು ಶಾಲೆಗೆ ಹೋದ ಮೇಲೆ ಹನ್ನೊಂದು ಗಂಟೆಗೆ ಅಲ್ಲಿ ಬಿಸಿಲು ಬೀಳುತ್ತಿತ್ತು. ಚಾರ್‌ಪಾಯಿಗಳು ಹೊರಬರುತ್ತಿದ್ದವು. ಒಬ್ಬರು ಬಟಾಣಿ ಸುಲಿಯುತ್ತಿದ್ದರು, ಒಬ್ಬರು ಮೇಥಿ ಬಿಡಿಸುತ್ತಿದ್ದರು, ಉಳಿದವರೆಲ್ಲರ ಕೈಯಲ್ಲೂ ಎರಡು ಕಡ್ಡಿ. ಕಡ್ಡಿ ನೋಡದೆ, ಮಾತು ನಿಲ್ಲಿಸದೆ, ನಡುವೆ ಕಡಲೆಕಾಯಿಯನ್ನೂ ಬಾಯಿಗೆ ಹಾಕಿಕೊಳ್ಳುತ್ತ ಅವರು ಹೆಣೆಯುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ನನಗೆ ಹಿಂದಿ ಬಾರದು, ಹೊರಗೆ ಹೋಗಲು ಸಂಕೋಚ.

ಪಕ್ಕದ ಮನೆಯ ಪಂಜಾಬಿ ಆಂಟಿ ಒಂದು ದಿನ ಬಾಗಿಲು ಬಡಿದು, ನನ್ನ ಕೈಗೆ ಒಂದು ಜೊತೆ ಕಡ್ಡಿ, ಅರ್ಧ ಉಂಡೆ ಉಲ್ಲನ್ ಕೊಟ್ಟು ಹೊರಗೆ ಎಳೆದುಕೊಂಡು ಹೋದರು. ಹಾಗಾಗಿ ನನ್ನ ಹಿಂದಿ ಶುರುವಾದದ್ದು ಹೆಣಿಗೆಯಿಂದ. ಹಿಂದಿಯಲ್ಲಿ ಕಡ್ಡಿಯ ಮೇಲಿನ ಕುಣಿಕೆಗೆ ಫಂದಾ ಅನ್ನುತ್ತಾರೆ. ಎರಡು ಸೀಧಾ, ಎರಡು ಉಲ್ಟಾ, ಸಾಲು ಮುಗಿದರೆ ತಿರುಗಿಸು. ಬೇಡಾ, ಬಿಡು, ಬಿಚ್ಚು, ಇನ್ನೊಂದು ಸಲ ಮಾಡು, ಪರವಾಗಿಲ್ಲ, ಶಾಬಾಶ್: ಒಂದು ಹೊಸ ಊರಿನಲ್ಲಿ ಬದುಕಲು ಬೇಕಾದ ಮಾತುಗಳೆಲ್ಲ ಆ ಚಾರ್‌ಪಾಯಿಯ ಮೇಲೆ ಸಿಕ್ಕಿದವು.

ಗೊತ್ತಿಲ್ಲದವರಿಗೆ ಹೆಣಿಗೆ ಬಹಳ ಕಷ್ಟದ ವಿದ್ಯೆಯಂತೆ ಕಾಣುತ್ತದೆ. ಇರುವುದು ಎರಡೇ ಬಗೆಯ ಕುಣಿಕೆ. ಎದುರಿನಿಂದ ನೋಡಿದರೆ ಸೀಧಾ, ಅದನ್ನೇ ಹಿಂದಿನಿಂದ ನೋಡಿದರೆ ಉಲ್ಟಾ. ಇವೆರಡನ್ನು ಹೇಗೆ ಜೋಡಿಸುತ್ತೀರಿ ಎಂಬುದರ ಮೇಲೆ ಡಿಸೈನು. ಒಂದು ಸೀಧಾ ಒಂದು ಉಲ್ಟಾ ಹಾಕುತ್ತ ಹೋದರೆ ರಬ್ಬರಿನಂತೆ ಎಳೆದರೆ ಹಿಗ್ಗುವ ಬಾರ್ಡರ್ ಆಗುತ್ತದೆ. ಒಂದು ಸಾಲು ಪೂರ್ತಿ ಸೀಧಾ, ಮುಂದಿನ ಸಾಲು ಪೂರ್ತಿ ಉಲ್ಟಾ ಹಾಕಿದರೆ ನಯವಾದ ಮೈ ಬರುತ್ತದೆ, ಆದರೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ. ಅದಕ್ಕೇ ಕೆಳಗೆ ಬಾರ್ಡರ್ ಬೇಕು. ಕಡ್ಡಿಯ ನಂಬರಿನದೊಂದು ತಮಾಷೆ. ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರ. 8ನೇ ನಂಬರಿನದು 4 ಮಿಲಿಮೀಟರ್ ದಪ್ಪ, 10ನೆಯದು 3.25, 12ನೆಯದು 2.75. ಬಾರ್ಡರ್ ಬಿಗಿಯಾಗಿರಲೆಂದು 12ರಲ್ಲಿ ಹಾಕಿ, ಮೈಗೆ 10 ಹಿಡಿಯುವುದು ನನ್ನ ರೂಢಿ.

ಹೆಣಿಗೆಯಲ್ಲಿ ನನಗೆ ತುಂಬ ಇಷ್ಟವಾದದ್ದು ಬಿಚ್ಚುವ ಸೌಕರ್ಯ. ಬಟ್ಟೆಗೆ ಒಮ್ಮೆ ಕತ್ತರಿ ಹಾಕಿದರೆ ಮುಗಿಯಿತು. ಸ್ವೆಟರ್ ಹಾಗಲ್ಲ, ತುದಿ ಸಿಕ್ಕಿದರೆ ಇಡೀ ಅಂಗಿ ಮತ್ತೆ ದಾರವಾಗುತ್ತದೆ. ನಮ್ಮವರ ಮೊದಲ ಚಳಿಗಾಲದ ನೀಲಿ ಸ್ವೆಟರ್ ಮೊಣಕೈಯಲ್ಲಿ ಹರಿದಾಗ ಬಿಚ್ಚಿದೆ. ಬಿಚ್ಚಿದ ದಾರ ಗುಂಗುರು ಗುಂಗುರಾಗಿರುತ್ತದೆ. ಅದನ್ನು ಲಡಿ ಮಾಡಿ, ತೊಳೆದು, ಕೆಳಗೊಂದು ಭಾರ ಕಟ್ಟಿ ನೇತುಹಾಕಿದರೆ ನೆಟ್ಟಗಾಗುತ್ತದೆ. ಆ ದಾರಕ್ಕೆ ಸ್ವಲ್ಪ ಬಿಳಿ ಸೇರಿಸಿ ಮಗನಿಗೆ ಶಾಲೆಯ ಸ್ವೆಟರ್ ಮಾಡಿದೆ. ಅವನು ಬೆಳೆದ ಮೇಲೆ ಅದೇ ದಾರ ಮಫ್ಲರ್ ಆಯಿತು. ಈಗ ಅದರಲ್ಲಿ ಉಳಿದದ್ದು ಬಿಸಿ ಪಾತ್ರೆ ಹಿಡಿಯುವ ಎರಡು ಚೌಕಗಳಾಗಿ ಅಡುಗೆಮನೆಯಲ್ಲಿದೆ.

ಯಾವಾಗ ಹೆಣೆಯುತ್ತೀರಿ, ಅಷ್ಟು ಪುರುಸೊತ್ತು ಎಲ್ಲಿ ಎಂದು ಕೇಳುವವರಿದ್ದಾರೆ. ಅದಕ್ಕೆಂದೇ ಪುರುಸೊತ್ತು ಮಾಡಿಕೊಂಡದ್ದು ನೆನಪಿಲ್ಲ. ಕುಕ್ಕರ್ ಮೂರು ಸೀಟಿ ಕೂಗುವುದರೊಳಗೆ ಎರಡು ಸಾಲು ಆಗುತ್ತದೆ. ಹಾಲು ಕಾಯಿಸುವಾಗ ಮಾತ್ರ ಕಡ್ಡಿ ಮುಟ್ಟುವುದಿಲ್ಲ. ಮಗನ ಹತ್ತನೇ ತರಗತಿಯ ಪರೀಕ್ಷೆಗೆ ಅವನು ಓದುತ್ತಿದ್ದರೆ ನಾನು ಎದುರಿಗೆ ಹೆಣೆಯುತ್ತ ಕೂರುತ್ತಿದ್ದೆ. ನಾನು ಎಚ್ಚರವಾಗಿದ್ದರೆ ಅವನೂ ಎಚ್ಚರ. ಊರಿಗೆ ಹೋಗುವಾಗ ಕರ್ನಾಟಕ ಎಕ್ಸ್‌ಪ್ರೆಸ್ಸಿನ ಎರಡು ರಾತ್ರಿಗಳ ಪ್ರಯಾಣದಲ್ಲಿ ಒಂದು ತೋಳು ಸಲೀಸಾಗಿ ಮುಗಿಯುತ್ತಿತ್ತು. ಲಡಿಯಿಂದ ಉಂಡೆ ಸುತ್ತುವಾಗ ಎರಡೂ ಕೈ ಚಾಚಿ ಕೂರುವ ಕೆಲಸ ನಮ್ಮವರದು. "ಸೆಕ್ಷನ್ ಆಫೀಸರಿಗೆ ಎಂಥಾ ಕೆಲಸ ಕೊಟ್ಟೆ ನೋಡು" ಅನ್ನುತ್ತಿದ್ದರು. ನಿವೃತ್ತರಾಗಿ ದ್ವಾರಕಾಕ್ಕೆ ಬಂದ ಮೇಲೂ ಆ ಒಂದು ಹುದ್ದೆ ಹಾಗೇ ಉಳಿದಿದೆ.

ಒಮ್ಮೆ ಲೆಕ್ಕ ಹಾಕಿ ನೋಡಿದೆ. ನನ್ನ ಕೈಗೆ 10ನೇ ನಂಬರಿನ ಕಡ್ಡಿಯಲ್ಲಿ ಒಂದು ಇಂಚಿಗೆ 6 ಕುಣಿಕೆ, ಮೇಲ್ಮುಖವಾಗಿ ಒಂದು ಇಂಚಿಗೆ 8 ಸಾಲು ಬರುತ್ತದೆ. ಎದೆಸುತ್ತು 36 ಇಂಚು, ಉದ್ದ 22 ಇಂಚಿನ ಪೂರ್ತಿ ತೋಳಿನ ಸ್ವೆಟರಿಗೆ ಮುಂದು, ಹಿಂದು, ಎರಡು ತೋಳು ಸೇರಿದರೆ, ಕುತ್ತಿಗೆ ಮತ್ತು ಕಂಕುಳಿನಲ್ಲಿ ಕಳೆಯುವುದನ್ನು ಬಿಟ್ಟು, ಸುಮಾರು 50,000 ಕುಣಿಕೆಗಳು. ನಿಮಿಷಕ್ಕೆ 25ರಂತೆ ಹಾಕಿದರೂ 33 ಗಂಟೆಗಿಂತ ಹೆಚ್ಚು ಕೆಲಸ. ಹೊಲಿಯುವುದು, ಗುಂಡಿ, ಕುತ್ತಿಗೆಪಟ್ಟಿ ಬೇರೆ.

ಇಷ್ಟೆಲ್ಲ ಯಾಕೆ, ಕೊಂಡರೆ ಆಗದೇ ಎಂಬುದು ನ್ಯಾಯವಾದ ಪ್ರಶ್ನೆ. ಲುಧಿಯಾನಾದ ಯಂತ್ರಗಳು ದೇಶಕ್ಕೆಲ್ಲ ಸ್ವೆಟರ್ ಹೆಣೆದು ಕೊಡುತ್ತಿವೆ. ಅಲ್ಲಿಂದ ಸರಕು ತಂದು ಟಿಬೆಟನ್ನರು ಚಳಿಗಾಲದಲ್ಲಿ ಊರೂರಿನಲ್ಲಿ ಸಾಲಾಗಿ ಅಂಗಡಿ ಹಾಕುತ್ತಾರೆ. ಬೈಲಕುಪ್ಪೆ, ಮುಂಡಗೋಡಿನ ಕ್ಯಾಂಪುಗಳಿರುವ ನಮ್ಮ ರಾಜ್ಯದವರಿಗೆ ಅವರ ಸ್ವೆಟರ್ ಅಂಗಡಿಗಳು ಹೊಸದೇನಲ್ಲ. ಯಂತ್ರವೂ ನಿನ್ನೆ ಮೊನ್ನೆಯದಲ್ಲ. ಇಂಗ್ಲೆಂಡಿನ ವಿಲಿಯಂ ಲೀ ಎಂಬವನು ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದು 1589ರಲ್ಲಿ. ಕೈಯಲ್ಲಿ ಹೆಣೆದು ಹೊಟ್ಟೆ ಹೊರೆಯುವ ಬಡವರ ಗತಿಯೇನು ಎಂದು ಎಲಿಜಬೆತ್ ರಾಣಿ ಅದಕ್ಕೆ ಪೇಟೆಂಟ್ ಕೊಡಲಿಲ್ಲವೆಂಬ ಕಥೆಯಿದೆ. ಯಂತ್ರ ಗೆದ್ದಿತು. ಗೆಲ್ಲಬೇಕಾದ್ದೇ. ಅಗ್ಗವಾಗಿ, ಬೇಗನೆ, ನೀಟಾಗಿ ಕೊಡುವ ಕೆಲಸವನ್ನು ಅದು ನನಗಿಂತ ಚೆನ್ನಾಗಿ ಮಾಡುತ್ತದೆ. ಆದರೆ ಅದಕ್ಕೆ ಗೊತ್ತಿರುವುದು ಎಸ್, ಎಂ, ಎಲ್ ಎಂಬ ಮೂರು ನಾಲ್ಕು ಅಕ್ಷರ. ಎಡಭುಜ ಬಲಭುಜಕ್ಕಿಂತ ಸ್ವಲ್ಪ ಇಳಿದಿರುವ, ಕುತ್ತಿಗೆ ಮುಚ್ಚಿದರೆ ಉಸಿರು ಕಟ್ಟಿದಂತಾಗುವ ಒಬ್ಬ ಮನುಷ್ಯ ಅದಕ್ಕೆ ಗೊತ್ತಿಲ್ಲ.

ಹಾಗೆಂದು ಕೈಯಲ್ಲಿ ಹೆಣೆದದ್ದನ್ನೆಲ್ಲ ಎಲ್ಲರೂ ಕಣ್ಣಿಗೊತ್ತಿಕೊಂಡು ಹಾಕಿಕೊಳ್ಳುತ್ತಾರೆ ಎಂದೇನಿಲ್ಲ. ನಮ್ಮ ಅಂಗಳದ ಆಂಟಿಯರು ಇದರಲ್ಲಿ ಬಹಳ ಖಡಾಖಂಡಿತ. ನಿನಗೆ ಹೆಣೆಯಬೇಕು ಅನ್ನಿಸಿದ್ದನ್ನು ಹೆಣೆಯಬೇಡ, ಅವರಿಗೆ ಏನು ಬೇಕು ಕೇಳು ಅನ್ನುತ್ತಿದ್ದರು. ಮಗನಿಗೆ ಹೈದರಾಬಾದಿನಲ್ಲಿ ಕೆಲಸ ಸಿಕ್ಕಾಗ ಕೇಳಿದೆ.

"ಹೈದರಾಬಾದಿಗೆ ಸ್ವೆಟರ್ ಯಾಕಮ್ಮಾ? ಹೊರಗೆ ಕಾಲಿಟ್ಟರೆ ಬೆವರು."

"ಆಫೀಸಿನಲ್ಲಿ?"

ಸ್ವಲ್ಪ ಯೋಚಿಸಿದ. "ಆಫೀಸಿನಲ್ಲಿ ಏಸಿ ತಲೆ ಮೇಲೇ ಇದೆ. ಮಧ್ಯಾಹ್ನ ಹೊತ್ತಿಗೆ ಮೈ ಕೊರೀತದೆ."

ತೋಳಿಲ್ಲದ, ತೆಳ್ಳಗಿನ, ಬೂದು ಬಣ್ಣದ್ದೊಂದು ಮಾಡಿಕೊಟ್ಟೆ. ಅದು ಅವನ ಕುರ್ಚಿಯ ಬೆನ್ನಿಗೇ ವರ್ಷವಿಡೀ ನೇತಾಡುತ್ತದಂತೆ. ಸೊಸೆಗೆ ಉಣ್ಣೆ ತಾಗಿದರೆ ಕುತ್ತಿಗೆ ಕೆರೆತ. ಉಣ್ಣೆಯ ಎಳೆ ದಪ್ಪವಾದಷ್ಟೂ ಚುಚ್ಚುವುದು ಹೆಚ್ಚು. ಅವಳಿಗೆ ಹತ್ತಿಯ ದಾರದಲ್ಲಿ ಕ್ರೋಶಾ ಮಾಡಿ ಒಂದು ಕೈಚೀಲ ಕೊಟ್ಟೆ. ತರಕಾರಿಗೆ ಒಯ್ಯುತ್ತಾಳೆ. ಮೊಮ್ಮಗಳು ಹುಟ್ಟಿದಾಗ ಕುಲಾವಿ, ಕಾಲುಚೀಲ ಎರಡೆರಡು ಜೊತೆ. ಎಳೆಕೂಸಿನದಕ್ಕೆ ಗುಂಡಿ ಹಾಕಬಾರದು, ಕಿತ್ತು ಬಾಯಿಗೆ ಹೋದೀತು. ಕುತ್ತಿಗೆಗೆ ಉದ್ದದ ದಾರ ಬಿಡಬಾರದು. ಜಾಳಿನ ಡಿಸೈನು ಬೇಡ, ಪುಟ್ಟ ಬೆರಳು ಸಿಕ್ಕಿಕೊಳ್ಳುತ್ತದೆ. ಮತ್ತೊಂದು, ವಾಷಿಂಗ್ ಮೆಷೀನಿಗೆ ಹಾಕಬಹುದಾದ ದಾರವೇ ಇರಲಿ. ಹಸಿಬಾಣಂತಿಗೆ ನಿಮ್ಮ ಉಡುಗೊರೆಯನ್ನು ಕೈಯಲ್ಲಿ ಒಗೆದು ನೆರಳಲ್ಲಿ ಒಣಗಿಸುವ ಕೆಲಸ ಕೊಡುವುದು ಪ್ರೀತಿಯಲ್ಲ.

ಇನ್ನು ಅಮ್ಮನ ವಿಷಯ.

ಅಮ್ಮನಿಗೆ ಮೊದಲ ಸ್ವೆಟರ್ ಹೆಣೆಯಲು ಹೊರಟದ್ದು 1992ರಲ್ಲಿ. ಮನೆಯಲ್ಲಿ ಫೋನಿಲ್ಲ. ಅಳತೆ ಕಳಿಸು ಎಂದು ಬರೆದೆ. ಅಮ್ಮನ ಹತ್ತಿರ ಟೇಪಿಲ್ಲ. ಹದಿನೈದು ದಿನ ಬಿಟ್ಟು ಒಂದು ಕವರು ಬಂತು. ಯಾವಾಗಲೂ ಇನ್‌ಲ್ಯಾಂಡಿನಲ್ಲಿ ಬರೆಯುವ ಅಮ್ಮ ಈ ಸಲ ಕವರು ಹಾಕಿದ್ದಳು, ಇನ್‌ಲ್ಯಾಂಡಿನೊಳಗೆ ಏನನ್ನೂ ಇಡುವಂತಿಲ್ಲವಲ್ಲ. ಒಳಗೆ ಬೆಂಕಿಪೊಟ್ಟಣದ ರಟ್ಟಿಗೆ ಸುತ್ತಿದ ಹೂ ಕಟ್ಟುವ ಬಿಳಿ ದಾರ. ಜೊತೆಗೆ ಚೀಟಿ: ತುದಿಯಿಂದ ಮೊದಲ ಗಂಟಿನವರೆಗೆ ಎದೆಸುತ್ತು, ಅಲ್ಲಿಂದ ಎರಡನೇ ಗಂಟಿಗೆ ಹೆಗಲಿನಿಂದ ಸೊಂಟ, ಮೂರನೆಯದಕ್ಕೆ ತೋಳು, ಉಳಿದ ಬಾಲ ಕುತ್ತಿಗೆ. ನಾನು ಟೇಪು ಹಿಡಿದು ಅಳೆದೆ. ಎದೆಸುತ್ತು 38 ಇಂಚು. ಸ್ವೆಟರಿಗೆ ಮೈಯ ಅಳತೆಯ ಮೇಲೆ ಎರಡರಿಂದ ನಾಲ್ಕು ಇಂಚು ಸಡಿಲ ಬಿಡಬೇಕು. 40ಕ್ಕೆ ಹಾಕಿದೆ. ಬಿಳಿ ಬಟ್ಟೆಯಲ್ಲಿ ಹೊಲಿದು, ಅರಗಿನ ಸೀಲು ಹಚ್ಚಿ ಪಾರ್ಸೆಲ್ ಕಳಿಸಿದೆ. ಸರಿಯಾಗಿ ಕೂತಿದೆ ಎಂದು ಬರೆದಳು.

ಆಮೇಲೆ ಮನೆಗೆ ಫೋನು ಬಂತು, ತಮ್ಮನ ಮದುವೆಯಾಗಿ ಅವನ ಹೆಂಡತಿಯ ಹೊಲಿಗೆ ಮೆಷೀನಿನ ಜೊತೆ ಟೇಪೂ ಬಂತು. ಆದರೆ ಅಮ್ಮನ ಅಳತೆ ಮಾತ್ರ ದಾರದಲ್ಲೇ. ಮೂರು ನಾಲ್ಕು ವರ್ಷಕ್ಕೊಂದು ಸ್ವೆಟರ್, ಪ್ರತಿ ಸಲ ಒಂದು ದಾರ. ನಾನು ಯಾವುದನ್ನೂ ಎಸೆದಿಲ್ಲ. ಬಿಸ್ಕತ್ತಿನ ಡಬ್ಬಿಯಲ್ಲಿ ಒಂಬತ್ತು ದಾರಗಳಿವೆ, ಒಂದೊಂದರ ರಟ್ಟಿನ ಮೇಲೂ ಇಸವಿ ಬರೆದಿದೆ. 2003ರದು ಎಲ್ಲಕ್ಕಿಂತ ಉದ್ದ, ಎದೆಸುತ್ತು 40. ಅಪ್ಪ ತೀರಿಹೋದ ವರ್ಷದ ಮುಂದಿನದು 37. ಕೊನೆಯದು, 2019ರದು, 36.

ಈ ವರ್ಷ ಅಮ್ಮನಿಗೆ 81. ನವೆಂಬರಿನ ಮೊದಲ ವಾರ ದಾರ ಕಳಿಸು ಅಂದೆ.

"ಈ ಸಲ ಬೇಡ ಮಾರಾಯ್ತಿ. ಇದ್ದಿದ್ದೇ ಐದು ಇದೆ. ನಿನ್ನ ಕಣ್ಣು ಹಾಳು ಮಾಡ್ಕೋಬೇಡ."

ಹಿಂದೆಯೂ ಬೇಡ ಅಂದಿದ್ದಾಳೆ, ಆದರೆ ಮರುವಾರ ದಾರ ಬರುತ್ತಿತ್ತು. ಈ ಸಲ ಬರಲಿಲ್ಲ. ಮತ್ತೆ ಕೇಳಿದರೆ ಮಾತು ಹಾರಿಸಿದಳು. ವಿಡಿಯೊ ಕಾಲ್ ಮಾಡಿದರೆ ಎಂದಿನಂತೆ ಹಳೆಯ ಮೆರೂನ್ ಸ್ವೆಟರ್ ಹಾಕಿ, ಮೇಲೊಂದು ಶಾಲು ಹೊದ್ದು ಕೂತಿದ್ದಾಳೆ, ಚೆನ್ನಾಗಿಯೇ ಇದ್ದಾಳೆ. ಫೋನಿನಲ್ಲಿ ಕಾಣುವುದು ಮುಖ. ಅಷ್ಟು ಬಟ್ಟೆಯೊಳಗೆ ಮೈ ಎಷ್ಟಿದೆ ಎಂದು ಯಾವ ಕ್ಯಾಮೆರಾಕ್ಕೂ ತಿಳಿಯುವುದಿಲ್ಲ.

ತಮ್ಮನ ಹೆಂಡತಿಗೆ ಅಮ್ಮನ ಅಳತೆ ತೆಗೆದು ಕಳಿಸು ಎಂದು ಮೆಸೇಜು ಹಾಕಿದೆ. ಸಂಜೆ ಅವಳೇ ಫೋನ್ ಮಾಡಿದಳು, ದನಿ ತಗ್ಗಿಸಿ. "ಅಕ್ಕಾ, ಅತ್ತೆ ಅಳತೆ ತೆಗೆಯೋಕೆ ಬಿಡ್ತಾ ಇಲ್ಲ. ನಾನು ಅವರ ರವಿಕೆ ಅಳೆದೆ. ಎಲ್ಲಾ ರವಿಕೆಗೂ ಒಳಗಿನಿಂದ ಇನ್ನೊಂದು ಹೊಲಿಗೆ ಹಾಕ್ಕೊಂಡಿದ್ದಾರೆ. ಯಾವಾಗ ಹಾಕ್ಕೊಂಡ್ರೋ ನಂಗೂ ಗೊತ್ತಾಗ್ಲಿಲ್ಲ." ಮಂಚದ ಮೇಲೆ ರವಿಕೆ ಹಾಸಿ, ಪಕ್ಕದಲ್ಲಿ ಟೇಪು ಇಟ್ಟು ತೆಗೆದ ಫೋಟೊ ಆಮೇಲೆ ಬಂತು. ಮಡಿಕೆಯಲ್ಲಿ 16 ಇಂಚು. ಸುತ್ತಳತೆ 32.

ಡಬ್ಬಿ ತೆರೆದು 2019ರ ದಾರದ ಪಕ್ಕಕ್ಕೆ 32 ಇಂಚಿನ ದಾರವೊಂದನ್ನು ಇಟ್ಟು ನೋಡಿದೆ. ನಾಲ್ಕಿಂಚು ಎಂದರೆ ನನ್ನ ನಾಲ್ಕು ಬೆರಳಿನ ಅಗಲಕ್ಕಿಂತ ಸ್ವಲ್ಪ ಹೆಚ್ಚು. ನಮ್ಮವರು ಹಿಂದಿನಿಂದ ಬಂದು ನೋಡಿ ಏನೂ ಹೇಳದೆ ಹೋದರು. ಅಮ್ಮ ದಾರ ಯಾಕೆ ಕಳಿಸಲಿಲ್ಲ ಎಂದು ಆಗ ಅರ್ಥವಾಯಿತು. ಫೋನಿನಲ್ಲಿ ಆರಾಮಿದ್ದೇನೆ ಅನ್ನಬಹುದು, ಕಾಗದದಲ್ಲಿ ಬರೆಯಬಹುದು. ದಾರ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತದೆ. ಮೂವತ್ತು ವರ್ಷ ತಾನೇ ಗಂಟು ಹಾಕಿದವಳಿಗೆ ಅದು ಗೊತ್ತಿಲ್ಲದೇ ಇರುತ್ತದೆಯೇ?

ಮಾರನೆಯ ದಿನ ಫೋನ್ ಮಾಡಿ ಅಳತೆಯ ಮಾತೇ ಎತ್ತಲಿಲ್ಲ. ಊಟಕ್ಕೆ ಏನು ಎಂದು ಕೇಳಿದೆ. ಗಂಜಿ ಅಂದಳು. ಮರುದಿನ ಕೇಳಿದರೆ ಗಂಜಿ, ಮಜ್ಜಿಗೆ. ಮೂರನೆಯ ದಿನವೂ ಗಂಜಿ.

"ಅಮ್ಮಾ, ಹಲ್ಲಿನ ಸೆಟ್ಟು ಹಾಕ್ಕೊಳ್ತಾ ಇದ್ದೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅದು ಆಡ್ತದೆ. ಒಸಡಿಗೆ ಕಚ್ತದೆ. ಡಬ್ಬೀಲಿ ಇಟ್ಟಿದ್ದೀನಿ."

"ಯಾವಾಗಿಂದ?"

"ಮಳೆಗಾಲದಿಂದ ಇರಬಹುದು."

"ತಮ್ಮನಿಗೆ ಹೇಳಬಾರದಿತ್ತಾ?"

"ಏನು ಹೇಳೋದು? ಮಳೇಲಿ ಅವನಿಗೆ ಕೊಳೆರೋಗದ ಔಷಧಿ ಹೊಡೆಸೋ ಕೆಲಸ. ಈಗ ಕೊಯ್ಲು. ಕೊನೆಗೌಡರು ಸಿಗದೆ ಓಡಾಡ್ತಾ ಇದ್ದಾನೆ. ನನ್ನ ಹಲ್ಲಿಗೆ ಅಂತ ಒಂದು ದಿನ ಶಿವಮೊಗ್ಗಕ್ಕೆ ಹೋದರೆ ಅಡಿಕೆ ಯಾರು ನೋಡ್ತಾರೆ? ಗಂಜಿ ಊಟಕ್ಕೆ ಏನಾಗಿದೆ?"

ಅಡಿಕೆ ತೋಟದ ಮನೆಯಲ್ಲಿ ಹುಟ್ಟಿ ಬೆಳೆದವಳು ನಾನು. ಕೊಯ್ಲಿನ ಹೊತ್ತಿನಲ್ಲಿ ಮನೆಯ ಹೆಂಗಸರ ಹಲ್ಲು, ಸೊಂಟ, ಕಣ್ಣು ಎಲ್ಲವೂ ಸಂಕ್ರಾಂತಿ ಕಳೆಯುವವರೆಗೆ ಕಾಯುತ್ತವೆ. ಅಜ್ಜಿಯದೂ ಹಾಗೇ ಕಾದಿತ್ತು. ತಮ್ಮನನ್ನು ದೂರುವಂತಿಲ್ಲ. ಒಂದೇ ಮನೆಯಲ್ಲಿ ದಿನವೂ ನೋಡುವ ಕಣ್ಣಿಗೆ ದಿನಕ್ಕಿಷ್ಟು ಇಳಿಯುವ ಮೈ ಕಾಣುವುದಿಲ್ಲ. ಎರಡು ಸಾವಿರ ಕಿಲೋಮೀಟರಿನಾಚೆ ಇರುವ ನನಗೆ ಕಂಡದ್ದು, ಹಳೆಯ ದಾರ ಇಟ್ಟುಕೊಂಡಿದ್ದರಿಂದ.

ತಮ್ಮನಿಗೆ ಹೇಳಿದೆ. ಅವನು ವಾದ ಮಾಡಲಿಲ್ಲ, ಆ ವಾರವೇ ಕರೆದುಕೊಂಡು ಹೋದ. ಹಲ್ಲಿನ ಡಾಕ್ಟರು ನೋಡಿ, ಸೆಟ್ಟು ಮಾಡಿಸಿ ಹದಿನಾಲ್ಕು ವರ್ಷವಾಗಿದೆ, ಅಷ್ಟರಲ್ಲಿ ಒಸಡು, ದವಡೆ ಕುಗ್ಗಿ ಸಡಿಲವಾಗಿದೆ, ಹೊಸದೇ ಬೇಕು ಅಂದರಂತೆ. ಅದಕ್ಕೆ ನಾಲ್ಕೈದು ಸಲ ಹೋಗಿಬರಬೇಕು. ರಕ್ತ ಪರೀಕ್ಷೆಯನ್ನೂ ಮಾಡಿಸಿದರು. ಸಕ್ಕರೆ ಸರಿಯಿದೆ, ರಕ್ತ ಕಡಿಮೆಯಾಗಿದೆ. ಗುಳಿಗೆ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಗಂಜಿಗೆ ಹೆಸರುಬೇಳೆ, ತುಪ್ಪ ಸೇರಿಸಿ, ತರಕಾರಿ ಬೇಯಿಸಿ ಕಿವುಚಿ ಕೊಡಲು ತಮ್ಮನ ಹೆಂಡತಿ ಶುರು ಮಾಡಿದ್ದಾಳೆ. 81ರ ವಯಸ್ಸಿನಲ್ಲಿ ಹೋದ ಮಾಂಸವೆಲ್ಲ ಮರಳಿ ಬರುತ್ತದೆ ಎಂದು ಯಾರೂ ಹೇಳಿಲ್ಲ. ನಾನೂ ಕೇಳಿಲ್ಲ.

ಶಿವಮೊಗ್ಗದಿಂದ ಬಂದ ಮೇಲೆ ಅಮ್ಮನ ಕವರು ಬಂತು. ಹತ್ತನೆಯ ದಾರ. ಗಂಟುಗಳು ಅದೇ ಕ್ರಮದಲ್ಲಿವೆ, ಗಂಟು ಹಾಕಿದ ಕೈ ಮಾತ್ರ ಸ್ವಲ್ಪ ನಡುಗಿದಂತಿದೆ. ಮೊದಲ ಗಂಟಿಗೆ ಮೂವತ್ತೆರಡು ಕಾಲು. ಚೀಟಿಯಲ್ಲಿ ಒಂದೇ ಸಾಲು: ಕಾಫಿಪುಡಿ ಬಣ್ಣ ಇರಲಿ, ಕೊಳೆ ಕಾಣುವುದಿಲ್ಲ.

ಆದ್ದರಿಂದ ಈಗ ಕಾಫಿಪುಡಿ ಬಣ್ಣ ನಡೆಯುತ್ತಿದೆ. ತಲೆಯ ಮೇಲಿನಿಂದ ಹಾಕಿಕೊಳ್ಳುವುದು ಬೇಡ, ಅಮ್ಮನಿಗೆ ಕೈ ಮೇಲೆತ್ತುವುದು ಕಷ್ಟ. ಮುಂದೆ ತೆರೆದದ್ದು, ಬೆರಳಿಗೆ ಸಿಗುವಂಥ ದೊಡ್ಡ ಗುಂಡಿಗಳು ಐದು. ಪೂರಾ ಉಣ್ಣೆ ಬೆಚ್ಚಗಿದ್ದರೂ ಮಳೆಗಾಲದಲ್ಲಿ ಒಣಗುವುದಿಲ್ಲ, ನುಸಿಯೂ ಹಿಡಿಯುತ್ತದೆ. ಬರೀ ಅಕ್ರಿಲಿಕ್ ಬೇಗ ಒಣಗುತ್ತದೆ, ಆದರೆ ಅಷ್ಟು ಬೆಚ್ಚಗಿರುವುದಿಲ್ಲ. ಎರಡೂ ಬೆರೆತ ದಾರ ತಂದಿದ್ದೇನೆ. ವಯಸ್ಸಾದವರಿಗೆ ಸ್ವೆಟರಿನ ಭಾರವೂ ಭಾರವೇ, ಅದಕ್ಕೇ ತೆಳ್ಳಗಿನದು. ಪಾತ್ರೆ ತೊಳೆಯಲು ಹೋಗಬೇಡ ಅಂದರೂ ಕೇಳುವವಳಲ್ಲ, ತೋಳಿನ ತುದಿ ನೀರಿಗೆ ಇಳಿಯದಂತೆ ಮಣಿಕಟ್ಟಿನ ಬಾರ್ಡರ್ ಬಿಗಿಯಾಗಿ ಮೂರು ಇಂಚು. ಬಲಗಡೆ ಒಂದು ಜೇಬು, ಫೋನಿಗೆ.

ಓದುಗರಲ್ಲಿ ನನ್ನದೊಂದು ಕೋರಿಕೆ. ನಿಮಗೆ ಹೆಣೆಯಲು ಬರಬೇಕೆಂದಿಲ್ಲ. ಊರಿನಲ್ಲಿರುವ ನಿಮ್ಮ ಅಮ್ಮ, ಅಪ್ಪ, ದೊಡ್ಡಮ್ಮ, ಯಾರೇ ಇರಲಿ, ಈ ಚಳಿಗಾಲ ಅವರ ಅಳತೆಯೊಂದನ್ನು ತರಿಸಿಕೊಳ್ಳಿ. ರವಿಕೆಯದೋ, ಅಂಗಿಯದೋ, ಚಪ್ಪಲಿಯದೋ. ಎರಡು ವರ್ಷದ ಹಿಂದೆ ಕೊಡಿಸಿದ ಚಪ್ಪಲಿಯೊಳಗೆ ಕಾಲು ಊದಿಕೊಂಡು ತುರುಕುತ್ತಿದೆಯೋ, ಅಪ್ಪನ ಬೆಲ್ಟಿಗೆ ಹೊಸ ತೂತು ಬಿದ್ದಿದೆಯೋ ಕೇಳಿ. ಹೇಗಿದ್ದೀರಿ ಎಂದು ಕೇಳಿದರೆ ಚೆನ್ನಾಗಿದ್ದೇವೆ ಎಂಬ ಉತ್ತರ ಅವರ ಬಾಯಲ್ಲಿ ಸಿದ್ಧವಾಗಿರುತ್ತದೆ. ಬೆಲ್ಟಿನ ತೂತಿನ ಬಗ್ಗೆ ಕೇಳಿದರೆ ನಿಜ ಹೇಳುತ್ತಾರೆ.

ಮೈಯ ಅಳತೆ ಮೂವತ್ತೆರಡು ಕಾಲು, ಸಡಿಲ ಎರಡು ಇಂಚು ಸೇರಿಸಿದರೆ ಮೂವತ್ತನಾಲ್ಕು ಕಾಲು. ನಾನು 36ಕ್ಕೆ ಕುಣಿಕೆ ಹಾಕಿದ್ದೇನೆ. ಸಾಲು ಎಣಿಸುತ್ತಿದ್ದ ನಮ್ಮವರು ಲೆಕ್ಕ ತಪ್ಪಿದೆಯಲ್ಲ ಅಂದರು. ತಪ್ಪಿಲ್ಲ, ಹೊಸ ಹಲ್ಲು ಬಂದ ಮೇಲೆ ಬೇಕಾಗುತ್ತದೆ ಅಂದೆ. ಬಲಗಡೆಯ ತೋಳು ಇನ್ನು 40 ಸಾಲು ಬಾಕಿ ಇದೆ. ಶನಿವಾರ ಸ್ಪೀಡ್ ಪೋಸ್ಟ್ ಮಾಡಬೇಕು.